ಮಣ್ಣಿಗೆ ಊರು ಗೊತ್ತು, ಹರಕೆ ಗೊತ್ತಿಲ್ಲ: ಆಂಡೀಸ್ ಯಾತ್ರಿಕರ ಜಾಡು ಹಿಡಿದ ಮಡಕೆ ಚೂರುಗಳು

ಪೆರುವಿನ ಉತ್ತರದ ಬೆಟ್ಟಸಾಲಿನಲ್ಲಿ, ಮೋಸ್ನಾ ಮತ್ತು ವಾಚೆಕ್ಸಾ ಎಂಬ ಎರಡು ಹೊಳೆಗಳು ಕೂಡುವ ಕಡೆ, ಚಾವಿನ್ ದೆ ವಾಂತಾರ್ ಎಂಬ ಕಲ್ಲಿನ ಗುಡಿ ಇದೆ. ಸಮುದ್ರಮಟ್ಟದಿಂದ ಸುಮಾರು 3,180 ಮೀಟರ್ ಎತ್ತರ. ಕ್ರಿ.ಪೂ. 1200ರಿಂದ 500ರವರೆಗೆ, ಹೆಚ್ಚು ಕಡಿಮೆ, ಇದು ಆ ಸೀಮೆಯ ದೊಡ್ಡ ಕ್ಷೇತ್ರವಾಗಿತ್ತು. ಹೊರಗಿನಿಂದ ದಪ್ಪ ಗೋಡೆಯ ಕಟ್ಟಡ. ಒಳಗೆ ಹೊಕ್ಕರೆ ಬೆಳಕೇ ಬೀಳದ ಇಕ್ಕಟ್ಟಿನ ಓಣಿಗಳು. ಅಂಥ ಒಂದು ಓಣಿಯಲ್ಲಿ ನಾಲ್ಕೂವರೆ ಮೀಟರ್ ಎತ್ತರದ ಕೆತ್ತನೆಯ ಕಲ್ಲು ಇವತ್ತಿಗೂ ನಿಂತಿದೆ. ಕೋರೆಹಲ್ಲಿನ ಮುಖ, ಹಾವುಗಳ ಕೂದಲು.

1960ರ ದಶಕದಲ್ಲಿ ಪೆರುವಿನ ಪುರಾತತ್ವಜ್ಞ ಲೂಯಿಸ್ ಲುಂಬ್ರೆರಾಸ್ ಇಲ್ಲಿನ ಇನ್ನೊಂದು ಓಣಿಯನ್ನು ಅಗೆಸಿದರು. ಅಲ್ಲಿ ನೂರಾರು ಮಡಕೆಗಳ ಚೂರುಗಳು ಸಿಕ್ಕವು. ಬಟ್ಟಲುಗಳು, ಉದ್ದ ಕತ್ತಿನ ಹೂಜಿಗಳು. ಜೊತೆಗೆ ಲಾಮಾ ಮೂಳೆ, ಗಿನಿಹಂದಿಯ ಮೂಳೆ, ಸಮುದ್ರದ ಚಿಪ್ಪು. ಆ ಓಣಿಗೆ ಕಾಣಿಕೆಗಳ ಓಣಿ ಎಂದೇ ಹೆಸರು ಬಿತ್ತು. ತಲೆ ಕೆಡಿಸಿದ್ದು ಮಡಕೆಗಳ ರಾಶಿಯಲ್ಲ, ಅವುಗಳ ವೈವಿಧ್ಯ. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಕೆಲವು ಉತ್ತರ ಕರಾವಳಿಯ ಶೈಲಿಯವು, ಕೆಲವು ಕಹಮಾರ್ಕಾ ಕಡೆಯ ಬೆಟ್ಟದವರು ಮಾಡುವಂಥವು.

ಹಾಗಾದರೆ ದೂರದೂರದ ಜನ ತಮ್ಮ ಊರಿನ ಮಡಕೆ ಹೊತ್ತು ಇಲ್ಲಿಗೆ ನಡೆದು ಬಂದಿದ್ದರಾ? ಅಥವಾ ಚಾವಿನ್‌ನ ಕುಂಬಾರರೇ ಪರಊರಿನ ಶೈಲಿಯನ್ನು ನಕಲು ಮಾಡಿದರಾ? ಕಣ್ಣಿಂದ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಶೈಲಿ ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹೋಗುತ್ತದೆ. ಮಣ್ಣು ಹಾಗಲ್ಲ, ಯಾರಾದರೂ ಹೊತ್ತರಷ್ಟೇ ಹೋಗುತ್ತದೆ. ಮಡಕೆಗಳ ರಸಾಯನ ಪರೀಕ್ಷೆ ಪೂರಾ ನಿಂತಿರುವುದು ಈ ಒಂದು ಮಾತಿನ ಮೇಲೆ.

ಕುಂಬಾರರು ಮಣ್ಣಿಗಾಗಿ ತುಂಬಾ ದೂರ ಹೋಗುವವರಲ್ಲ. ಡೀನ್ ಆರ್ನಾಲ್ಡ್ ಎಂಬ ಮಾನವಶಾಸ್ತ್ರಜ್ಞ ಜಗತ್ತಿನ ನೂರಕ್ಕೂ ಹೆಚ್ಚು ಕುಂಬಾರ ಸಮುದಾಯಗಳ ಮಾಹಿತಿ ಕಲೆಹಾಕಿ ನೋಡಿದರು. ಬಹುಪಾಲು ಜನ ಮಣ್ಣು ತರುತ್ತಿದ್ದದ್ದು 7 ಕಿಲೋಮೀಟರ್ ಒಳಗೇ. ಆಂಡೀಸ್‌ನಲ್ಲಂತೂ ಗಾಡಿ ಇರಲಿಲ್ಲ. ಇದ್ದದ್ದು ಲಾಮಾ, ಮತ್ತು ಮನುಷ್ಯರ ಬೆನ್ನು. ಒದ್ದೆ ಜೇಡಿಮಣ್ಣಿನ ಹೊರೆ ಹೊತ್ತುಕೊಂಡು ಕಣಿವೆಯಿಂದ ಕಣಿವೆಗೆ ಯಾರು ಸುಮ್ನೆ ಅಲೆಯುತ್ತಾರೆ? ಆದ್ದರಿಂದ ಮಡಕೆಯ ಮಣ್ಣು ಎಲ್ಲಿಯದು ಎಂದು ಗೊತ್ತಾದರೆ, ಮಡಕೆ ಎಲ್ಲಿ ತಯಾರಾಯಿತು ಎಂಬುದು ಹೆಚ್ಚೂಕಡಿಮೆ ಗೊತ್ತಾದ ಹಾಗೆ.

ಇದಕ್ಕೆ ಮೂರು ದಾರಿಗಳಿವೆ.

ಹಳೆಯದು ಸೂಕ್ಷ್ಮದರ್ಶಕದ ದಾರಿ. ಚೂರಿನಿಂದ ಒಂದು ಸೀಳನ್ನು ತೆಗೆದು, 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ತೇಯುತ್ತಾರೆ. ಅಷ್ಟು ತೆಳುವಾದರೆ ಕಲ್ಲಿನ ಕಣದ ಮೂಲಕವೂ ಬೆಳಕು ಹಾಯುತ್ತದೆ. ಮಣ್ಣಿಗೆ ಕುಂಬಾರ ಬೆರೆಸಿದ ಮರಳಿನಲ್ಲಿ ಯಾವ ಕಲ್ಲಿನ ಪುಡಿ ಇದೆ ಎಂದು ಆಗ ಕಾಣುತ್ತದೆ. ಚಾವಿನ್ ಸುತ್ತಮುತ್ತ ಮರಳುಗಲ್ಲು, ಪದರಗಲ್ಲುಗಳದ್ದೇ ರಾಜ್ಯ. ಅಲ್ಲಿ ಸಿಕ್ಕ ಬಟ್ಟಲಿನೊಳಗೆ ಜ್ವಾಲಾಮುಖಿ ಬೂದಿಯ ಕಣಗಳು ತುಂಬಿದ್ದರೆ ಆ ಬಟ್ಟಲು ಅಲ್ಲಿನದಲ್ಲ ಎಂಬ ಅನುಮಾನ ಬರಲೇಬೇಕು.

ಎರಡನೆಯದಕ್ಕೆ ಪರಮಾಣು ರಿಯಾಕ್ಟರ್ ಬೇಕು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ರಿಯಾಕ್ಟರ್ ಈ ಕೆಲಸಕ್ಕೆ ಹೆಸರುವಾಸಿ. ಚೂರಿನ ಮೇಲ್ಮೈ ಕೆರೆದು ತೆಗೆದು, ಒಳಗಿನ ಮಣ್ಣನ್ನು ಪುಡಿ ಮಾಡಿ, ಪುಟ್ಟ ಸೀಸೆಯಲ್ಲಿ ತುಂಬಿ ರಿಯಾಕ್ಟರ್ ಒಳಗೆ ಕಳಿಸುತ್ತಾರೆ. ಮೊದಲ ಸಲ ಬರೀ 5 ಸೆಕೆಂಡು. ಆಮೇಲೆ ಇನ್ನೊಂದು ಸಲ ಇಡೀ ದಿನ. ನ್ಯೂಟ್ರಾನ್ ತಾಗಿದ ಪುಡಿ ಗಾಮಾ ಕಿರಣ ಸೂಸತೊಡಗುತ್ತದೆ. ಪ್ರತಿ ಧಾತುವಿನ ಕಿರಣಕ್ಕೂ ತನ್ನದೇ ಶಕ್ತಿ ಇರುವುದರಿಂದ ಯಾವುದು ಎಷ್ಟಿದೆ ಎಂದು ಎಣಿಸಬಹುದು. ಕೆಲವು ಧಾತುಗಳ ಕಿರಣ ನಿಮಿಷಗಳಲ್ಲಿ ಆರಿಹೋಗುತ್ತದೆ, ಕೆಲವಕ್ಕೆ ಮೂರು ನಾಲ್ಕು ವಾರ ಕಾದು ಮತ್ತೆ ಎಣಿಸಬೇಕು. ಕೊನೆಗೆ ಒಂದು ಚೂರಿಗೆ 33 ಧಾತುಗಳ ಪಟ್ಟಿ ಕೈಗೆ ಸಿಗುತ್ತದೆ.

ಈಗ ಜಾಸ್ತಿ ಬಳಕೆಗೆ ಬಂದಿರುವುದು ಮೂರನೆಯದು, ಲೇಸರ್. ಷಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿ ಇಂಥ ಪ್ರಯೋಗಾಲಯವಿದೆ. ಚೂರನ್ನು ಪುಡಿ ಮಾಡಬೇಕಾಗಿಲ್ಲ. ಮುರಿದ ಅಂಚನ್ನು ಪರದೆಯ ಮೇಲೆ ದೊಡ್ಡದಾಗಿ ನೋಡುತ್ತಾ, ಮರಳಿನ ಕಣಗಳನ್ನು ತಪ್ಪಿಸಿ, ಬರೀ ಜೇಡಿ ಇರುವ ಜಾಗ ಹುಡುಕಿ ಅಲ್ಲಿಗೆ ಲೇಸರ್ ಬಿಡುತ್ತಾರೆ. ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಅಗಲದ ಗುಳಿ ಬೀಳುತ್ತದೆ, ಬರಿಗಣ್ಣಿಗೆ ಕಾಣುವುದೂ ಕಷ್ಟ. ಎದ್ದ ಧೂಳನ್ನು ಅನಿಲ ಹೊತ್ತೊಯ್ದು ಹಲವು ಸಾವಿರ ಡಿಗ್ರಿ ಶಾಖದ ಪ್ಲಾಸ್ಮಾಕ್ಕೆ ತಳ್ಳುತ್ತದೆ. ಅಲ್ಲಿಂದ ಧಾತುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವುದು ಯಂತ್ರದ ಕೆಲಸ. ಒಂದೇ ಚೂರಿನ ಹತ್ತಾರು ಜಾಗಗಳಿಗೆ ಹೀಗೆ ಗುರಿಯಿಟ್ಟು ಸರಾಸರಿ ತೆಗೆಯುತ್ತಾರೆ.

ಇಲ್ಲಿ ಮುಖ್ಯವಾಗುವುದು ಅಲ್ಯೂಮಿನಿಯಂ, ಸಿಲಿಕಾನ್‌ನಂಥ ದೊಡ್ಡ ಪಾಲಿನ ಧಾತುಗಳಲ್ಲ. ಅವು ಎಲ್ಲ ಮಣ್ಣಿನಲ್ಲೂ ಇರುತ್ತವೆ. ಗುಟ್ಟು ಬಿಟ್ಟುಕೊಡುವುದು ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇರುವ ಸೀಸಿಯಂ, ಹ್ಯಾಫ್ನಿಯಂ, ಥೋರಿಯಂ, ಲ್ಯಾಂಥನಂ ಥರದವು. ಕುಂಬಾರನಿಗೆ ಅವುಗಳ ಸುಳಿವೂ ಇರುವುದಿಲ್ಲ, ಹಾಗಾಗಿ ಅವನ ಕೈಚಳಕ ಅವುಗಳನ್ನು ಮರೆಮಾಚಲಾರದು.

ಚಾವಿನ್‌ನ ಮಡಕೆಗಳನ್ನು ಹೀಗೆ ಕೂಲಂಕಷವಾಗಿ ನೋಡಿದವರು ಇಸಾಬೆಲ್ ಡ್ರುಕ್. 1990ರ ದಶಕದಿಂದ ಅವರು ಸೂಕ್ಷ್ಮದರ್ಶಕವನ್ನೂ ರಸಾಯನ ಪರೀಕ್ಷೆಯನ್ನೂ ಜೋಡಿಸಿ ಕೆಲಸ ಮಾಡಿದರು. ಅಷ್ಟಕ್ಕೇ ನಿಲ್ಲದೆ, ಆ ಸೀಮೆಯಲ್ಲಿ ಈಗಲೂ ಮಡಕೆ ಮಾಡುವವರ ಬಳಿ ಹೋಗಿ ಅವರು ಮಣ್ಣು ಎಲ್ಲಿಂದ ತರುತ್ತಾರೆ, ಏನು ಬೆರೆಸುತ್ತಾರೆ ಎಂದು ನೋಡಿದರು. ನನಗೆ ಈ ಎರಡನೆಯ ಕೆಲಸವೇ ಹೆಚ್ಚು ಬೆಲೆಬಾಳುವುದು ಅನ್ನಿಸುತ್ತದೆ. ಹೋಲಿಸಲು ಊರಿನ ಮಣ್ಣೇ ಇಲ್ಲದಿದ್ದರೆ 33 ಧಾತುಗಳ ಪಟ್ಟಿ ಇಟ್ಟುಕೊಂಡು ಏನು ಮಾಡುವುದು? ಅವರ ಫಲಿತಾಂಶ ಎರಡು ಕಡೆಯವರಿಗೂ ಅರ್ಧರ್ಧ ನ್ಯಾಯ ಕೊಟ್ಟಿತು. ಮಡಕೆಗಳಲ್ಲಿ ಹೆಚ್ಚಿನವು ಅಲ್ಲಿನವೇ. ಆದರೆ ಹೊರಗಿನಿಂದ ಬಂದವುಗಳ ಪಾಲು ಸಣ್ಣದೇನಲ್ಲ. ಅವು ಒಂದೇ ಕಡೆಯಿಂದ ಬಂದವೂ ಅಲ್ಲ.

ಸುದ್ದಿಗಳಲ್ಲಿ ಎಡವಟ್ಟಾಗುವುದು ಇಲ್ಲೇ. "ಪ್ರಾಚೀನ ಯಾತ್ರೆಯನ್ನು ಪತ್ತೆ ಹಚ್ಚಿದ ರಸಾಯನಶಾಸ್ತ್ರ" ಎಂಬ ಧಾಟಿಯ ತಲೆಬರಹ ಒಂದು ಮೆಟ್ಟಿಲನ್ನು ಹಾರಿಬಿಡುತ್ತದೆ. ಮಣ್ಣು ಹೇಳುವುದು ಮಡಕೆ ಎಲ್ಲಿ ಹುಟ್ಟಿತು ಅಂತ ಮಾತ್ರ. ಅದನ್ನು ಹೊತ್ತು ತಂದವರು ಭಕ್ತರೋ, ವ್ಯಾಪಾರಿಗಳೋ, ಕಪ್ಪ ಒಪ್ಪಿಸಲು ಬಂದವರೋ, ಮದುವೆಯಾಗಿ ಬಂದ ಹೆಣ್ಣುಮಕ್ಕಳೋ, ಧಾತುಗಳ ಪಟ್ಟಿಯಲ್ಲಿ ಅದು ಇರುವುದಿಲ್ಲ. ದೂರದ ವಸ್ತು ಸಿಕ್ಕಿತು ಅಂದಮಾತ್ರಕ್ಕೆ ಯಾತ್ರೆ ನಡೆದಿತ್ತು ಅನ್ನಲಾಗದು. ಇದೇ ಚಾವಿನ್‌ನಲ್ಲಿ ಸಿಕ್ಕ ಕಪ್ಪು ಜ್ವಾಲಾಮುಖಿ ಗಾಜಿನ ಬಹುಪಾಲು 500 ಕಿಲೋಮೀಟರಿಗೂ ದೂರದ, ಅಯಾಕುಚೊ ಸೀಮೆಯ ಕಿಸ್ಪಿಸಿಸಾ ಎಂಬ ಒಂದೇ ಜಾಗದ್ದು. ಅದರ ಮೂಲ ಹಿಡಿಯುವುದು ಮಡಕೆಗಿಂತ ಸುಲಭ, ಏಕೆಂದರೆ ಅದಕ್ಕೆ ಯಾರೂ ಏನೂ ಬೆರೆಸಿರುವುದಿಲ್ಲ. ಆದರೆ ಆ ಗಾಜು ಕೈಯಿಂದ ಕೈಗೆ ದಾಟಿ, ಚೂಪಾದ ಅಂಚಿನ ಸರಕಾಗಿ ಬಂದಿರಬಹುದು. ಅದನ್ನು ಹಿಡಿದು ಅಯಾಕುಚೊದಿಂದ ಭಕ್ತರು ಬಂದರು ಎಂದರೆ ಯಾರೂ ಒಪ್ಪಲಾರರು.

ಯಾತ್ರೆ ಎಂಬ ತೀರ್ಮಾನಕ್ಕೆ ಬರಲು ಮಣ್ಣಿನ ವಿಳಾಸದ ಜೊತೆ ಬೇರೆ ಸಂಗತಿಗಳೂ ಕೂಡಿಬರಬೇಕು. ಯಾವ ಥರದ ಮಡಕೆ ಬಂದಿದೆ ಎಂಬುದು ಒಂದು. ಅಡುಗೆ ಮಡಕೆ, ದೊಡ್ಡ ಗುಡಾಣ ಎಲ್ಲವೂ ಸ್ಥಳೀಯ ಮಣ್ಣಿನವಾಗಿ, ಹೊತ್ತು ತರಬಹುದಾದ ಬಟ್ಟಲು, ಹೂಜಿಗಳು ಮಾತ್ರ ಹೊರಗಿನವಾದರೆ ಜನ ಬಂದು ಹೋಗುತ್ತಿದ್ದರು, ನೆಲೆ ನಿಲ್ಲಲಿಲ್ಲ ಎಂದು ಊಹಿಸಬಹುದು. ಅವು ಎಲ್ಲಿ, ಹೇಗೆ ಬಿದ್ದಿದ್ದವು ಎಂಬುದು ಇನ್ನೊಂದು. ಕಸದ ಗುಂಡಿಯಲ್ಲಿ ಸಿಕ್ಕುವುದೇ ಬೇರೆ, ಕಾಣಿಕೆಗಳ ಓಣಿಯಲ್ಲಿ ಒಂದರ ಪಕ್ಕ ಒಂದು ಸಿಕ್ಕುವುದೇ ಬೇರೆ. ಅದೇ ಗುಡಿಯಲ್ಲಿ 2001ರಲ್ಲಿ ಜಾನ್ ರಿಕ್ ಅವರ ತಂಡಕ್ಕೆ 20 ಶಂಖಗಳು ಒಟ್ಟಿಗೆ ಸಿಕ್ಕಿದ್ದವು. ಕೆತ್ತನೆ ಮಾಡಿದ, ಊದಿ ಊದಿ ನುಣುಪಾದ ಶಂಖಗಳು. ಆ ಜಾತಿಯ ಶಂಖ ಸಿಗುವುದು ಎಕ್ವಡಾರ್ ಕಡೆಯ ಬೆಚ್ಚನೆಯ ಕಡಲಿನಲ್ಲಿ. ಹೀಗೆ ಹತ್ತು ಕಡೆಯಿಂದ ಎಳೆಗಳು ಬಂದು ಸೇರಿದಾಗ ಚಾವಿನ್ ಯಾತ್ರಾಸ್ಥಳ ಎಂಬ ಮಾತಿಗೆ ಬಲ ಬರುತ್ತದೆ.

ಮಡಕೆ ಹೋದ ದಿಕ್ಕೂ ಮುಖ್ಯ. ಚಾವಿನ್‌ನಲ್ಲಿ ಮಡಕೆಗಳು ಕ್ಷೇತ್ರದ ಕಡೆಗೆ ಬಂದವು. ದಕ್ಷಿಣದ ನಾಸ್ಕಾ ಮರುಭೂಮಿಯಲ್ಲಿ ಕಥೆ ಪೂರಾ ಉಲ್ಟಾ.

ನಾಸ್ಕಾ ಎಂದರೆ ನೆಲದ ಮೇಲಿನ ದೈತ್ಯ ಗೆರೆಗಳು ನೆನಪಾಗುತ್ತವೆ ಅಲ್ವಾ? ಆ ಗೆರೆಗಳ ಕಾಲದಲ್ಲೇ, ಕ್ರಿ.ಶ. 1ರಿಂದ 400ರ ನಡುವೆ, ಕಾವಾಚಿ ಎಂಬ ಜಾಗ ಮೆರೆಯಿತು. ಮಣ್ಣಿನ ಇಟ್ಟಿಗೆ ಹೊದಿಸಿದ ಸುಮಾರು 40 ದಿಬ್ಬಗಳು, ನಡುವೆ ವಿಶಾಲ ಬಯಲುಗಳು. ಬಹಳ ಕಾಲ ಇದನ್ನು ರಾಜಧಾನಿ ಅಂದುಕೊಂಡಿದ್ದರು. 1980ರ ದಶಕದಲ್ಲಿ ಇಲ್ಲಿ ಅಗೆದ ಹೆಲೇನ್ ಸಿಲ್ವರ್‌ಮನ್ ಅದನ್ನು ಒಪ್ಪಲಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಜನ ನೆಲೆಸಿದ್ದಕ್ಕೆ ತಕ್ಕಷ್ಟು ಮನೆ, ಒಲೆ, ಕಸ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಖಾಲಿ ಬಯಲುಗಳು, ಕಂಬ ನೆಟ್ಟ ಗುರುತುಗಳು, ಬೇಕೆಂದೇ ಒಡೆದ ಮಣ್ಣಿನ ಕೊಳಲುಗಳು. ಜನ ಹಬ್ಬಕ್ಕೆ ಬಂದು ಸೇರಿ, ಮುಗಿಸಿ, ಊರಿಗೆ ಹೊರಡುತ್ತಿದ್ದ ಜಾಗ ಇದು ಎಂದರು ಅವರು. ಜಾಗದ ಆಯ್ಕೆಗೂ ಕಾರಣವಿದೆ. ನಾಸ್ಕಾ ಹೊಳೆ ಬೇರೆ ಕಡೆ ಮರಳಿನೊಳಗೆ ಇಂಗಿ ಹೋಗುತ್ತದೆ, ಕಾವಾಚಿಯ ಬಳಿ ಮತ್ತೆ ಮೇಲೆ ಬರುತ್ತದೆ. ಮರುಭೂಮಿಯವರಿಗೆ ಇದಕ್ಕಿಂತ ದೊಡ್ಡ ಪವಾಡ ಇನ್ನೇನು ಬೇಕು?

ಈಗ ಮಡಕೆಗೆ ಬರೋಣ. ನಾಸ್ಕಾದವರ ಬಣ್ಣದ ಮಡಕೆಗಳು ಸಾಮಾನ್ಯದವಲ್ಲ. ತಿಗರಿ ಇಲ್ಲದೆ ಕೈಯಲ್ಲೇ ಕಟ್ಟಿ, ಬಣ್ಣದ ಮಣ್ಣುಗಳನ್ನು ಬಳಿದು, ಆಮೇಲೆ ಸುಡುತ್ತಿದ್ದರು. ಒಂದೇ ಮಡಕೆಯ ಮೇಲೆ ಹತ್ತಕ್ಕೂ ಹೆಚ್ಚು ಬಣ್ಣ ಇರುವುದುಂಟು. ಕೆಂಪಿಗೆ ಬೇಕಾದ ಹೆಮಟೈಟ್ ಅದಿರಿಗಾಗಿ ಗಣಿಯನ್ನೇ ತೋಡಿದ್ದರು. ಇಂಥ ಮಡಕೆ ದೊಡ್ಡವರ ಮನೆಯಲ್ಲಿ ಮಾತ್ರ ಇರಬೇಕು ಅನ್ನಿಸುತ್ತದೆ. ಆದರೆ ಪುರಾತತ್ವಜ್ಞ ಕೆವಿನ್ ವಾನ್ ಅವರು ಮಾರ್ಕಾಯಾ ಎಂಬ ಸಣ್ಣ ಹಳ್ಳಿಯನ್ನು ಅಗೆದಾಗ ಸಾಧಾರಣ ಮನೆಗಳಲ್ಲೂ ಅವು ಸಿಕ್ಕವು. ವಾನ್ ಮತ್ತು ಹೆಕ್ಟರ್ ನೆಫ್ ಈ ಚೂರುಗಳನ್ನು ಮಿಸೌರಿಯ ರಿಯಾಕ್ಟರ್‌ನಲ್ಲಿ ಪರೀಕ್ಷೆ ಮಾಡಿಸಿದರು. ಬೇರೆ ಬೇರೆ ಹಳ್ಳಿಗಳಲ್ಲಿ ಸಿಕ್ಕ ಬಣ್ಣದ ಮಡಕೆಗಳ ಮಣ್ಣು ಹೆಚ್ಚೂಕಡಿಮೆ ಒಂದೇ ಗುಂಪಿಗೆ ಸೇರಿತು. ಪ್ರತಿ ಹಳ್ಳಿಯ ಕುಂಬಾರ ತನ್ನ ಊರಿನ ಮಣ್ಣಿನಲ್ಲಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಸುತ್ತಲಿನ ಮಣ್ಣುಗಳನ್ನೂ ತಂದು ಹೋಲಿಸಿ, ಇವು ಕಾವಾಚಿಯಲ್ಲೋ ಅದರ ಆಸುಪಾಸಿನಲ್ಲೋ ತಯಾರಾಗಿ ಹಬ್ಬಕ್ಕೆ ಬಂದವರ ಜೊತೆ ಹಳ್ಳಿಗಳಿಗೆ ಹೋದವು ಎಂದು ಅವರು ವಾದಿಸಿದರು.

ನಮಗೆ ಇದು ಅರ್ಥವಾಗಲು ಕಷ್ಟವೇನಿಲ್ಲ. ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಪುಟ್ಟ ಗಿಂಡಿ ಎಷ್ಟು ಮನೆಗಳ ದೇವರ ಗೂಡಿನಲ್ಲಿಲ್ಲ! ಸಾವಿರ ವರ್ಷದ ಮೇಲೆ ಯಾರೋ ಅಗೆದು, ಆ ತಾಮ್ರ ಪರೀಕ್ಷಿಸಿ, ಇಲ್ಲಿಗೂ ಕಾಶಿಗೂ ತಾಮ್ರದ ಪಾತ್ರೆಯ ವ್ಯಾಪಾರ ಜೋರಾಗಿತ್ತು ಎಂದು ಬರೆದರೆ ಏನನ್ನುವುದು? ಪೂರ್ತಿ ತಪ್ಪೂ ಅಲ್ಲ, ಗಿಂಡಿಗೆ ದುಡ್ಡು ಕೊಟ್ಟೇ ತಂದಿರುತ್ತಾರೆ. ಭಕ್ತಿ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಅಂತ ಗೆರೆ ಎಳೆಯುವುದೇ ಸಂಶೋಧಕರ ಅನುಕೂಲಕ್ಕೆ. ಯಾತ್ರಿಕರ ದಾರಿಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ.

ಇಷ್ಟೆಲ್ಲ ಊಹೆ ಮಾಡುವ ಧೈರ್ಯ ಎಲ್ಲಿಂದ ಬಂತು? ಒಂದು ದೊಡ್ಡ ಆಧಾರ ಪಚಕಮಕ್. ಈಗಿನ ಲಿಮಾ ನಗರದ ದಕ್ಷಿಣಕ್ಕೆ, ಕಡಲ ಪಕ್ಕದ ದೇವಸ್ಥಾನ. 1533ರ ಶುರುವಿನಲ್ಲಿ ಸ್ಪೇನಿನ ದಂಡಿನ ನಾಯಕ ಅರ್ನಾಂದೊ ಪಿಸಾರೊ ಚಿನ್ನ ಹುಡುಕಿಕೊಂಡು ಅಲ್ಲಿಗೆ ಹೋದಾಗ ಜೊತೆಗಿದ್ದ ಮಿಗೆಲ್ ದೆ ಎಸ್ತೆತೆ ಕಂಡದ್ದನ್ನು ಬರೆದಿಟ್ಟ. 300 ಲೀಗ್ (ಸ್ಪೇನಿನವರ ಹಳೆಯ ಅಳತೆ) ದೂರದಿಂದ ಜನ ಬರುತ್ತಾರೆ, ಚಿನ್ನ, ಬೆಳ್ಳಿ, ಬಟ್ಟೆ ತರುತ್ತಾರೆ ಎಂದ. ಮೊದಲ ಅಂಗಳ ಹೊಗಲು 20 ದಿನ ಉಪವಾಸ, ಮೇಲಿನದಕ್ಕೆ ಹೋಗಲು ಒಂದು ವರ್ಷದ ಉಪವಾಸ ಎಂದೂ ಬರೆದ. ಎಸ್ತೆತೆಯ ಪಟ್ಟಿಯನ್ನು ಗಮನಿಸಿ: ಚಿನ್ನ, ಬೆಳ್ಳಿ, ಬಟ್ಟೆ. ಮಡಕೆಯ ಮಾತೇ ಇಲ್ಲ. ಚಿನ್ನ, ಬೆಳ್ಳಿಯನ್ನು ಸ್ಪೇನಿನವರು ಕರಗಿಸಿದರು. ಉಳಿದದ್ದು ಮಡಕೆ, ಆದ್ದರಿಂದ ನಾವು ಮಡಕೆಯನ್ನು ಹಿಡಿದು ಕೂತಿದ್ದೇವೆ. ಭಕ್ತರ ಮನಸ್ಸಿನಲ್ಲಿ ಅದಕ್ಕೆ ಎಷ್ಟು ಬೆಲೆ ಇತ್ತೋ. ಇನ್ನೊಂದು ಎಚ್ಚರವೂ ಬೇಕು. 1533ರ ವರ್ಣನೆಯನ್ನು ಅದಕ್ಕೂ 2,000 ವರ್ಷ ಹಿಂದಿನ ಚಾವಿನ್ ಮೇಲೆ ಹಾಗೇ ಹೊದಿಸಿದರೆ ಚಾವಿನ್ ನಮಗೆ ಕಾಣುವುದಿಲ್ಲ, ಪಚಕಮಕ್ಕೇ ಎರಡು ಸಲ ಕಾಣುತ್ತದೆ.

ಯಾತ್ರೆ ಎಂದರೆ ಭಕ್ತರು ತಾವಾಗಿ ಹೊರಟದ್ದು ಎಂದೂ ಅಂದುಕೊಳ್ಳಬೇಕಿಲ್ಲ. ಇಂಕಾ ಸಾಮ್ರಾಜ್ಯದಲ್ಲಿ ಕಪಕೋಚಾ ಎಂಬ ಆಚರಣೆ ಇತ್ತು. ಆಯ್ದ ಮಕ್ಕಳನ್ನು ರಾಜಧಾನಿ ಕುಸ್ಕೊಗೆ ಕರೆಸಿ, ಅಲ್ಲಿಂದ ಮೆರವಣಿಗೆಯಲ್ಲಿ ದೂರದ ಹಿಮಶಿಖರಗಳಿಗೆ ಕರೆದೊಯ್ದು ಬಲಿ ಕೊಡುತ್ತಿದ್ದರು. 1999ರಲ್ಲಿ ಅರ್ಜೆಂಟೀನಾ ಮತ್ತು ಚಿಲಿಯ ಗಡಿಯ ಯುಯಾಯಾಕೊ ಶಿಖರದ ಮೇಲೆ, ಸುಮಾರು 6,700 ಮೀಟರ್ ಎತ್ತರದ ಜಾಗದಲ್ಲಿ, ಸುಮಾರು 13 ವರ್ಷದ ಹುಡುಗಿ ಮತ್ತು ಇಬ್ಬರು ಪುಟ್ಟ ಮಕ್ಕಳ ದೇಹಗಳು ಸಿಕ್ಕವು. ಪಕ್ಕದಲ್ಲಿ ಬಟ್ಟೆ, ಪುಟ್ಟ ಗೊಂಬೆ, ಮಡಕೆಗಳು. ತಮಾರಾ ಬ್ರೇ, ಲೀಯಾ ಮಿಂಕ್ ಮತ್ತು ಸಂಗಡಿಗರು ಇಂಥ ಶಿಖರಗಳ ಮಡಕೆಗಳನ್ನು ನ್ಯೂಟ್ರಾನ್ ಪರೀಕ್ಷೆಗೆ ಒಡ್ಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಕುಸ್ಕೊ ಸೀಮೆಯ ಮಣ್ಣಿನವು, ಕೆಲವು ಟಿಟಿಕಾಕಾ ಸರೋವರದ ಕಡೆಯವು. ಕುಸ್ಕೊದಿಂದ ಯುಯಾಯಾಕೊಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಆ ಹುಡುಗಿಯ ಕೂದಲಿನ ಪರೀಕ್ಷೆ ಬೇರೆಯವರು ಮಾಡಿದ್ದು. ಸಾವಿಗೆ ಸುಮಾರು ಒಂದು ವರ್ಷ ಮೊದಲೇ ಅವಳ ಊಟ ಬದಲಾಗಿತ್ತು, ಮೆಕ್ಕೆಜೋಳ ಮತ್ತು ಮಾಂಸ ಹೆಚ್ಚಾಗಿತ್ತು. ಮಡಕೆಯೂ ಕೂದಲೂ ಒಂದೇ ಪ್ರಯಾಣವನ್ನು ಬೇರೆ ಬೇರೆ ಕಡೆಯಿಂದ ಹೇಳುತ್ತಿವೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಒಪ್ಪಿಸಿದ ಉದಾಹರಣೆ ಇದೇ. ಆದರೆ ಇದನ್ನು ಯಾತ್ರೆ ಎನ್ನಬೇಕೋ ಸರ್ಕಾರದ ಅಪ್ಪಣೆ ಎನ್ನಬೇಕೋ, ನೀವೇ ಹೇಳಿ.

ಸ್ಥಳೀಯ ಮಣ್ಣು ಸಿಕ್ಕರೆ ಯಾತ್ರೆ ಇರಲಿಲ್ಲ ಎನ್ನುವುದೂ ಅವಸರವೇ. ದಕ್ಷಿಣ ಪೆರುವಿನ ಮೊಕೇಗ್ವಾದಲ್ಲಿ ಸೆರ್ರೊ ಬವೂಲ್ ಎಂಬ ಚಪ್ಪಟೆ ತಲೆಯ ಗುಡ್ಡವಿದೆ. ಇಂಕಾಗಳಿಗಿಂತ ಹಿಂದಿನ ವಾರಿ ಸಾಮ್ರಾಜ್ಯದವರು ಅದರ ನೆತ್ತಿಯ ಮೇಲೆ ಊರು ಕಟ್ಟಿ, ದೊಡ್ಡ ಪ್ರಮಾಣದಲ್ಲಿ ಬಿಯರ್ ತಯಾರಿಸುತ್ತಿದ್ದರು. ಪ್ಯಾಟ್ರಿಕ್ ರಯಾನ್ ವಿಲಿಯಮ್ಸ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೇಸರ್ ವಿಧಾನದಿಂದ ಅಲ್ಲಿನ ಪಾತ್ರೆಗಳ ಮಣ್ಣನ್ನು ನೋಡಿದರು. ಶೈಲಿ ದೂರದ ರಾಜಧಾನಿಯದು, ಮಣ್ಣು ಮಾತ್ರ ಅಲ್ಲಿನದೇ. ಜೇಡಿಯೊಳಗೆ ಇಂಗಿದ್ದ ಅಂಶಗಳಲ್ಲಿ ಮೊಯ್ಯೆ ಎಂಬ ಮರದ ಕಾಳಿನ ಸುಳಿವೂ ಸಿಕ್ಕಿತು. ಅಂದರೆ ಅಲ್ಲಿ ಜನ ಬಂದರು, ಕುಡಿದರು, ಪಾತ್ರೆ ಮಾತ್ರ ಆತಿಥೇಯರದ್ದು. ಬರಿಗೈಯಲ್ಲಿ ಬಂದ ಅತಿಥಿಯ ಹೆಜ್ಜೆ ಗುರುತು ಮಡಕೆಯ ಮಣ್ಣಿನಲ್ಲಿ ಮೂಡುವುದಿಲ್ಲ. ಇಂದಿಗೂ ಸುತ್ತಲಿನ ಜನ ಆ ಗುಡ್ಡ ಹತ್ತಿ ಕಾಣಿಕೆ ಇಟ್ಟು ಬರುತ್ತಾರೆ.

ಕುಂಬಾರರೇ ನಡೆದಾಡಿದರೆ ಲೆಕ್ಕ ಇನ್ನೂ ಜಟಿಲ. ಆಂಡೀಸ್‌ನಲ್ಲಿ ಋತುವಿಗೆ ತಕ್ಕಂತೆ ಊರೂರು ಸುತ್ತಿ, ಹೋದ ಊರಿನ ಮಣ್ಣಿನಲ್ಲೇ ತಮ್ಮ ಶೈಲಿಯ ಮಡಕೆ ಮಾಡಿ ಕೊಟ್ಟು ಹೋಗುವ ಕುಂಬಾರರಿದ್ದಾರೆ. ಅವರ ಮಡಕೆಯ ಮಣ್ಣು ಒಂದು ಊರಿನದು, ಕೈ ಇನ್ನೊಂದು ಊರಿನದು. ಪ್ರಯೋಗಾಲಯ ಅದನ್ನು ಸ್ಥಳೀಯ ಎಂದೇ ಬರೆದುಕೊಳ್ಳುತ್ತದೆ. ಪ್ರಕೃತಿಯ ಕಡೆಯಿಂದಲೂ ತೊಡಕುಗಳಿವೆ. ಒಂದೇ ಬೆಟ್ಟಸಾಲಿನಿಂದ ಇಳಿಯುವ ಅಕ್ಕಪಕ್ಕದ ಹೊಳೆಗಳು ಒಂದೇ ಥರದ ಮಣ್ಣು ತರುತ್ತವೆ, ಆಗ ಎರಡು ಕಣಿವೆಗಳನ್ನು ಬೇರ್ಪಡಿಸಲು ಕಷ್ಟ. ಹೂತ ಚೂರು ಶತಮಾನಗಳ ಕಾಲ ಸುತ್ತಲಿನ ತೇವದಿಂದ ಕ್ಯಾಲ್ಸಿಯಂ, ಬೇರಿಯಂ, ರಂಜಕ ಹೀರಿಕೊಳ್ಳುತ್ತದೆ. ಅಂಥ ಧಾತುಗಳನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ ಅಥವಾ ಜೋಪಾನವಾಗಿ ಬಳಸಬೇಕಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಗೋರಿಗಳ್ಳರದ್ದು. ಜಗತ್ತಿನ ನಾನಾ ಸಂಗ್ರಹಗಳಲ್ಲಿ ಇಡಿಯಾದ, ಚಂದದ ನಾಸ್ಕಾ ಮಡಕೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಎಷ್ಟೋ ಕದ್ದು ಅಗೆದವು. ಮಡಕೆಯನ್ನು ಹಾಳು ಮಾಡದ ಲೇಸರ್ ಬಂದ ಮೇಲೆ ಅವನ್ನೂ ಪರೀಕ್ಷೆ ಮಾಡಬಹುದು ಎಂಬ ಆಸೆ ಹುಟ್ಟಿದೆ. ಮಾಡಬಹುದು, ನಾಸ್ಕಾ ಕಣಿವೆಯ ಮಣ್ಣು ಎಂದೂ ತಿಳಿಯಬಹುದು. ಆದರೆ ಆ ಮಡಕೆ ಬಿದ್ದಿದ್ದದ್ದು ಕಾವಾಚಿಯ ಬಯಲಿನಲ್ಲೋ, ಹಳ್ಳಿಯ ಮನೆಯ ಮೂಲೆಯಲ್ಲೋ, ಗೋರಿಯಲ್ಲೋ ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಯಾತ್ರೆಯ ಪ್ರಶ್ನೆಗೆ ಉತ್ತರ ಇದ್ದದ್ದು ಅಲ್ಲೇ. ಮಾಕ್ಸ್ ಊಲೆ 1896ರಲ್ಲಿ ಪಚಕಮಕ್‌ನಲ್ಲಿ ಅಗೆದು ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂಗೆ ಕಳಿಸಿದ ವಸ್ತುಗಳ ಬೆಲೆ ಈಗ ಹೆಚ್ಚಿರುವುದೂ ಇದಕ್ಕೇ. ಯಾವುದು ಎಲ್ಲಿ ಸಿಕ್ಕಿತು ಎಂದು ಆತ ಬರೆದಿಟ್ಟಿದ್ದ. ಪೆರುವಿನಿಂದ ಹೊಸ ಚೂರುಗಳನ್ನು ಪರೀಕ್ಷೆಗೆ ಹೊರದೇಶಕ್ಕೆ ಒಯ್ಯಲು ಅಲ್ಲಿನ ಸಂಸ್ಕೃತಿ ಸಚಿವಾಲಯದ ಅನುಮತಿ ಬೇಕು, ಅದಕ್ಕೆ ಓಡಾಟವೂ ಇದೆ. ಸಂಶೋಧಕರು ಗೊಣಗಿದರೂ, ಅಗೆದ ಜಾಗದ ದಾಖಲೆ ಇಲ್ಲದ ಮಡಕೆಯನ್ನು ಸುಲಭವಾಗಿ ಸಿಗುತ್ತದೆ ಎಂದು ಪರೀಕ್ಷಿಸುವುದಕ್ಕಿಂತ ಆ ಓಡಾಟವೇ ವಾಸಿ.